ಡಬ್ ಅಂದರೆ ಹಾಡು ತೆಗೆದುಹಾಕಿದ ರೆಗ್ಗೆ ಅಲ್ಲ

ಪ್ರಶ್ನೆ: ಬಾಬ್ ಮಾರ್ಲಿ ಕೇಳಿ ಮುಗಿಸಿದ್ದೇನೆ. ಜಮೈಕಾದ ಆ ರೆಗ್ಗೆ ಸಂಗೀತದಲ್ಲಿ ಮುಂದೆ ಯಾವ ಆಲ್ಬಮ್ ಕೇಳಲಿ? ಡಬ್ ಬೇಡ, ಅದು ಹಾಡು ತೆಗೆದುಹಾಕಿದ ಕರೋಕೆ ಟ್ರ್ಯಾಕ್ ತಾನೇ?

ಮೊದಲ ಭಾಗಕ್ಕೆ ಉತ್ತರ ಚಿಕ್ಕದು. ಬರ್ನಿಂಗ್ ಸ್ಪಿಯರ್ ಅವರ 'ಮಾರ್ಕಸ್ ಗಾರ್ವಿ' (1975) ಕೇಳಿ, ಆಮೇಲೆ ದಿ ಕಾಂಗೋಸ್ ತಂಡದ 'ಹಾರ್ಟ್ ಆಫ್ ದಿ ಕಾಂಗೋಸ್' (1977). ಇವೆರಡು ಕಿವಿಗೆ ಹತ್ತುವವರೆಗೆ ಮೂರನೆಯದರ ಗೊಡವೆ ಬೇಡ. ಇನ್ನೊಂದು ಮಾತು: ಮಾರ್ಲಿಯನ್ನು ಕೇಳಿ ಮುಗಿಸಿದೆವು ಅನ್ನುವವರಲ್ಲಿ ಬಹಳ ಜನ ಕೇಳಿರುವುದು 'ಲೆಜೆಂಡ್' ಮಾತ್ರ. ಅದು ಮಾರ್ಲಿ ತೀರಿಕೊಂಡ ಮೂರು ವರ್ಷಕ್ಕೆ, 1984ರಲ್ಲಿ ಬಂದ ಸಂಕಲನ.

ಇನ್ನು ಕರೋಕೆಯ ಮಾತು. ಎಷ್ಟು ಸಲ ಉತ್ತರಿಸಿದರೂ ಇದು ಮತ್ತೆ ಬರುತ್ತದೆ, ಹಾಗಾಗಿ ಈ ಸಲ ಪೂರ್ತಿ ಹೇಳಿಬಿಡುತ್ತೇನೆ.

ಈ ತಪ್ಪು ಕಲ್ಪನೆ ಹುಟ್ಟಿದ್ದಕ್ಕೆ ಕಾರಣ ಇದೆ. 1960ರ ದಶಕದ ಕೊನೆಯಲ್ಲಿ ಜಮೈಕಾದ ಸೌಂಡ್ ಸಿಸ್ಟಮ್‌ಗಳಲ್ಲಿ, ಅಂದರೆ ದೊಡ್ಡ ಸ್ಪೀಕರ್ ಇಟ್ಟು ಕುಣಿತಕ್ಕೆ ರೆಕಾರ್ಡು ಹಾಕುವ ತಂಡಗಳಲ್ಲಿ, ಗಾಯಕರ ದನಿ ಇಲ್ಲದ ರೆಕಾರ್ಡುಗಳು ಓಡತೊಡಗಿದವು. ಬರಬರುತ್ತಾ ಸಿಂಗಲ್ ರೆಕಾರ್ಡಿನ ಹಿಂಬದಿಗೆ ಅದೇ ಹಾಡಿನ ದನಿರಹಿತ ರೂಪ ಹಾಕುವುದು ರೂಢಿಯಾಯಿತು. ಅದನ್ನು ವರ್ಷನ್ ಅನ್ನುತ್ತಿದ್ದರು. ಅದರ ಮೇಲೆ ಯು-ರಾಯ್ ಅಂಥವರು ಮೈಕ್ ಹಿಡಿದು ತಮ್ಮ ಮಾತು ಹೊಸೆಯುತ್ತಿದ್ದರು. ಕಥೆ ಅಲ್ಲಿಗೇ ನಿಂತಿದ್ದರೆ ನಿಮ್ಮ ಮಾತು ಸರಿ.

ಅಲ್ಲಿಗೆ ನಿಲ್ಲಲಿಲ್ಲ. ಕಿಂಗ್‌ಸ್ಟನ್ನಿನ ವಾಟರ್‌ಹೌಸ್‌ನಲ್ಲಿ ಕಿಂಗ್ ಟಬ್ಬಿ ಎಂಬವರಿದ್ದರು. ಅವರ ಕಸುಬು ಎಲೆಕ್ಟ್ರಾನಿಕ್ಸ್ ರಿಪೇರಿ, ಆಂಪ್ಲಿಫೈಯರ್ ಕಟ್ಟುವುದು. ದನಿ, ವಾದ್ಯಗಳನ್ನು ನಾಲ್ಕು ಬೇರೆ ಬೇರೆ ಪಟ್ಟಿಗಳಲ್ಲಿ ಹಿಡಿದಿಟ್ಟ ನಾಲ್ಕು ಟ್ರ್ಯಾಕಿನ ಟೇಪು ಓಡುತ್ತಿರುವಾಗಲೇ ಅವರು ಗಿಟಾರ್ ತಗ್ಗಿಸಿ, ಡ್ರಮ್ಮಿನ ಒಂದೇ ಒಂದು ಏಟನ್ನು ಎಕೋಗೆ ಕಳಿಸಿ, ಬಾಸ್ ಗಿಟಾರ್ ಒಂದನ್ನೇ ಉಳಿಸಿ, ಸರಕ್ಕನೆ ಎಲ್ಲವನ್ನೂ ವಾಪಸ್ ತರುತ್ತಿದ್ದರು. ಆ ಟ್ರ್ಯಾಕುಗಳನ್ನು ಏರಿಸಿ ಇಳಿಸಿ ಬೆರೆಸುವ ಮಿಕ್ಸಿಂಗ್ ಡೆಸ್ಕನ್ನೇ ಅವರು ವಾದ್ಯವಾಗಿ ನುಡಿಸಿದರು. ಡಬ್ ಅಂದರೆ ಇದು. ಆ ನುಡಿಕೆ ಆ ಕ್ಷಣದ್ದು. ಅದೇ ಟೇಪನ್ನು ಮತ್ತೆ ಹಾಕಿ ಕೂತರೆ ಬೇರೆಯದೇ ಹುಟ್ಟುತ್ತಿತ್ತು.

ಗಾಯಕರ ದನಿಯನ್ನೂ ಅವರು ಪೂರ್ತಿ ತೆಗೆಯುತ್ತಿರಲಿಲ್ಲ. ನಂಬಿಕೆ ಬಾರದಿದ್ದರೆ ಜೇಕಬ್ ಮಿಲ್ಲರ್ ಹಾಡಿದ 'ಬೇಬಿ ಐ ಲವ್ ಯು ಸೋ' ಕೇಳಿ, ತಕ್ಷಣ ಆಗಸ್ಟಸ್ ಪಾಬ್ಲೋ ಅವರ 'ಕಿಂಗ್ ಟಬ್ಬೀಸ್ ಮೀಟ್ಸ್ ರಾಕರ್ಸ್ ಅಪ್‌ಟೌನ್' (1976) ಆಲ್ಬಮ್ಮಿನ ಶೀರ್ಷಿಕೆ ಟ್ರ್ಯಾಕ್ ಕೇಳಿ. ಎರಡಕ್ಕೂ ಮೂಲ ಟೇಪು ಒಂದೇ. ಮಿಲ್ಲರ್ ಅವರ ದನಿ ಚೂರುಚೂರಾಗಿ ಬಂದು, ಸಾಲು ಮುಗಿಯುವ ಮೊದಲೇ ಕತ್ತರಿಸಿ ಹೋಗುತ್ತದೆ. ಮೂಲದಲ್ಲಿ ಪ್ರೇಮದ ಹಾಡಾಗಿದ್ದದ್ದು ಇಲ್ಲಿ ದಿಗಿಲು ಹುಟ್ಟಿಸುತ್ತದೆ. ಕರೋಕೆ ಟ್ರ್ಯಾಕು ಹಾಡಿನ ಭಾವವನ್ನು ಹೀಗೆ ತಿರುಗಿಸಿ ನಿಲ್ಲಿಸಿದ್ದನ್ನು ನಾನಂತೂ ಕೇಳಿಲ್ಲ.

ಇನ್ನೊಬ್ಬ ಡಬ್ ನಿರ್ಮಾಪಕ ಲೀ ಪೆರ್ರಿ ಅವರದು ಇನ್ನೊಂದು ದಾರಿ. ಅವರು ತೆಗೆಯುವುದಕ್ಕಿಂತ ಹೇರಿದವರು. ತಮ್ಮ ಬ್ಲ್ಯಾಕ್ ಆರ್ಕ್ ಸ್ಟುಡಿಯೋದಲ್ಲಿ ಪದರದ ಮೇಲೆ ಪದರ ಸೇರಿಸುತ್ತಿದ್ದರು. ಮೇಲೆ ಹೇಳಿದ ಕಾಂಗೋಸ್ ಆಲ್ಬಮ್ಮಿನಲ್ಲಿ ಹಸು ಅಂಬಾ ಅನ್ನುವುದೂ ಕೇಳುತ್ತದೆ.

ಹಾಗಾಗಿ ಡಬ್ ಬೇಡ ಅನ್ನಬೇಡಿ. 'ಮಾರ್ಕಸ್ ಗಾರ್ವಿ' ಬಾಯಿಪಾಠವಾದ ಮೇಲೆ ಅದರದೇ ಡಬ್ ರೂಪ 'ಗಾರ್ವೀಸ್ ಘೋಸ್ಟ್' (1976) ಹಾಕಿ. ಅದು ಸೌಮ್ಯವಾದ ಡಬ್, ಹೊಸಬರಿಗೆ ಅದೇ ಅನುಕೂಲ. ಆಮೇಲೆ ಪಾಬ್ಲೋ, ಆಮೇಲೆ ಪೆರ್ರಿಯವರ 'ಸೂಪರ್ ಏಪ್' (1976). ಫೋನಿನ ಸ್ಪೀಕರಿನಲ್ಲಿ ಮಾತ್ರ ದಯವಿಟ್ಟು ಕೇಳಬೇಡಿ. ಅದರಲ್ಲಿ ಬಾಸ್ ಬರುವುದೇ ಇಲ್ಲ, ಬಾಸ್ ಇಲ್ಲದೆ ಡಬ್ಬಿನಲ್ಲಿ ಉಳಿಯುವುದು ಬರೀ ಟಿಕ್ ಟಿಕ್.

ಹೀಗೆ ಕೇಳುತ್ತಾ ಹೋದರೆ ನಿಮಗೊಂದು ಅನುಮಾನ ಬಂದೇ ಬರುತ್ತದೆ: ಈ ಬಾಸ್ ಆ ಹಾಡಿನಲ್ಲೂ ಇತ್ತಲ್ಲ, ಕದ್ದರೇ? ಇಲ್ಲ. ಜಮೈಕಾದಲ್ಲಿ ಡ್ರಮ್ಮು, ಬಾಸಿನ ಆ ತಳಪಾಯಕ್ಕೆ ರಿದಿಮ್ ಅನ್ನುತ್ತಾರೆ. ಒಂದು ರಿದಿಮ್ ಮೇಲೆ ಹತ್ತಾರು ಗಾಯಕರು ಹಾಡುವುದು ಅಲ್ಲಿನ ಪದ್ಧತಿ. ಕಿಂಗ್‌ಸ್ಟನ್ನಿನ ಸ್ಟುಡಿಯೋ ಒನ್ ಎಂಬ ರೆಕಾರ್ಡಿಂಗ್ ಸ್ಟುಡಿಯೋದಲ್ಲಿ ಸೌಂಡ್ ಡೈಮೆನ್ಷನ್ ತಂಡ 1960ರ ದಶಕದಲ್ಲಿ ನುಡಿಸಿದ 'ರಿಯಲ್ ರಾಕ್' ಹಾಗೆ ಬಾಳಿದ ರಿದಿಮ್. ವಿಲ್ಲಿ ವಿಲಿಯಮ್ಸ್ ಅದರ ಮೇಲೆ 'ಆರ್ಮಗಿಡಿಯನ್ ಟೈಮ್' ಹಾಡಿದರು, 1979ರಲ್ಲಿ ಲಂಡನ್ನಿನ ಪಂಕ್ ತಂಡ ದಿ ಕ್ಲಾಶ್ ಆ ಹಾಡನ್ನು ತಾವೂ ನುಡಿಸಿದರು. ಮೂರನ್ನೂ ಒಂದರ ಹಿಂದೊಂದು ಹಾಕಿ ಬಾಸನ್ನಷ್ಟೇ ಹಿಂಬಾಲಿಸಿ.