ಚಾರ್ಜರ್ ತಿರುಗಿಸಿ ಓದಿ

ಅಂಗಡಿಯವರು ಎರಡು ಲ್ಯಾಪ್‌ಟಾಪ್‌ಗಳನ್ನು ಪಕ್ಕಪಕ್ಕದಲ್ಲಿ ತೆರೆದಿಟ್ಟಿದ್ದರು. ಎರಡರ ಮೇಲೂ ಒಂದೇ ಸ್ಟಿಕರ್: ಆರ್‌ಟಿಎಕ್ಸ್ 4050, ಅಂದರೆ ಗೇಮಿನ ಚಿತ್ರ ಮೂಡಿಸುವ ಗ್ರಾಫಿಕ್ಸ್ ಚಿಪ್ಪಿನ ಹೆಸರು. ಒಂದು ಬೆಳ್ಳಿ ಬಣ್ಣದ್ದು, ತೆಳ್ಳಗೆ, ಒಂದೇ ಕೈಯಲ್ಲಿ ಎತ್ತುವಷ್ಟು ಹಗುರ. ಇನ್ನೊಂದು ಕಪ್ಪು, ದಪ್ಪ, ಹಿಂಬದಿಯಲ್ಲಿ ಹಲ್ಲು ಕಿರಿದಂತೆ ಗಾಳಿ ಕಿಂಡಿಗಳು. ಬೆಲೆ ಎರಡಕ್ಕೂ 70 ಸಾವಿರದ ಆಚೀಚೆ. ಅಕ್ಕನ ಮಗನ ಕಣ್ಣು ಬೆಳ್ಳಿಯದರ ಮೇಲಿತ್ತು. "ಮಾವ, ಕಾರ್ಡ್ ಒಂದೇ ಎಂದ ಮೇಲೆ ಗೇಮ್ ಕೂಡ ಒಂದೇ ಥರ ಓಡುತ್ತದಲ್ಲ? ಚೆಂದ ಇರುವುದನ್ನೇ ತೆಗೆದುಕೊಳ್ಳೋಣ" ಎಂದ. ನಾನು ಅಂಗಡಿಯವರಿಗೆ ಎರಡರ ಚಾರ್ಜರ್ ತೋರಿಸಿ ಎಂದೆ. ಅವರಿಗೆ ಆಶ್ಚರ್ಯ, ಅಳಿಯನಿಗೆ ಮುಜುಗರ.

ಬೆಳ್ಳಿಯದರ ಚಾರ್ಜರ್ ಅಡಿಯಲ್ಲಿ 20 ವೋಲ್ಟ್, 6 ಆಂಪಿಯರ್ ಎಂದಿತ್ತು. ಕಪ್ಪಿನದರ ಚಾರ್ಜರ್ ಇಟ್ಟಿಗೆಯಂತಿತ್ತು: 20 ವೋಲ್ಟ್, 10 ಆಂಪಿಯರ್. ಎಂಟನೇ ತರಗತಿಯ ಗುಣಾಕಾರ ಸಾಕು. ಇಡೀ ಯಂತ್ರಕ್ಕೆ ಒಂದರಲ್ಲಿ 120 ವ್ಯಾಟ್ ಸಿಗುತ್ತದೆ, ಇನ್ನೊಂದರಲ್ಲಿ 200; ಗ್ರಾಫಿಕ್ಸ್ ಚಿಪ್ಪಿನ ಪಾಲೂ ಅದರಲ್ಲೇ. ಒಂದೇ ಹೆಸರಿನ ಇಬ್ಬರು ಕೂಲಿಗಳಲ್ಲಿ ಒಬ್ಬನಿಗೆ ಅರೆಹೊಟ್ಟೆ, ಒಬ್ಬನಿಗೆ ಹೊಟ್ಟೆ ತುಂಬ ಊಟ. ಮೂಟೆ ಹೊರುವುದು ಯಾರು ಎಂದು ಕೇಳಬೇಕಾಗಿಲ್ಲ.

ಸ್ಟಿಕರಿನ ಹೆಸರನ್ನು ನಂಬುವ ಈ ರೋಗ ನೋಡಿದರೆ ನನಗೆ ತಾಳ್ಮೆ ಕೆಡುತ್ತದೆ. ಲ್ಯಾಪ್‌ಟಾಪ್‌ಗಾಗಿ ಮಾಡಿದ 4050 ಚಿಪ್ಪನ್ನು 35 ವ್ಯಾಟ್‌ನಿಂದ 115 ವ್ಯಾಟ್‌ವರೆಗೆ ಹೇಗೆ ಬೇಕಾದರೂ ಕೂರಿಸಬಹುದು ಎಂದು ತಯಾರಕರಾದ ಎನ್ವಿಡಿಯಾದವರ ವಿವರಪಟ್ಟಿಯೇ ಹೇಳುತ್ತದೆ. ಮೂರು ಪಟ್ಟಿಗಿಂತ ಹೆಚ್ಚಿನ ಅಂತರವನ್ನು ಒಂದೇ ಹೆಸರು ಮುಚ್ಚಿಕೊಂಡಿದೆ. ಹಿಂದೆ ಕಡಿಮೆ ವ್ಯಾಟಿನ ಚಿಪ್ಪಿಗೆ 'ಮ್ಯಾಕ್ಸ್-ಕ್ಯೂ' ಎಂಬ ಬಾಲ ಇರುತ್ತಿತ್ತು. 2021ರಲ್ಲಿ, 4050ಕ್ಕಿಂತ ಒಂದು ತಲೆಮಾರು ಹಿಂದಿನ 30ರ ಸರಣಿ ಲ್ಯಾಪ್‌ಟಾಪಿಗೆ ಬಂದಾಗ, ಹೆಸರಿನಿಂದ ಆ ಬಾಲ ಕತ್ತರಿಸಿ ಹೋಯಿತು. ಡೆಸ್ಕ್‌ಟಾಪ್ ಜೊತೆಗಿನ ಹೋಲಿಕೆಯಂತೂ ಇನ್ನೂ ಮೋಸ. ಇದೇ ಸರಣಿಯ ದೊಡ್ಡ ಚಿಪ್ 4070 ನೋಡಿ: ಡೆಸ್ಕ್‌ಟಾಪಿನದರಲ್ಲಿ 5,888 ಕೋರ್‌ಗಳು (ಲೆಕ್ಕ ಮಾಡುವ ಪುಟ್ಟ ಘಟಕಗಳು), 12 ಜಿಬಿ ಮೆಮೊರಿ. ಲ್ಯಾಪ್‌ಟಾಪಿನ 4070ರಲ್ಲಿ 4,608 ಕೋರ್‌ಗಳು, 8 ಜಿಬಿ. ಇವು ಅಣ್ಣತಮ್ಮಂದಿರೂ ಅಲ್ಲ, ಒಂದೇ ಹೆಸರಿಟ್ಟುಕೊಂಡ ಪಕ್ಕದ ಮನೆಯವರು.

ವ್ಯಾಟ್ ಏಕೆ ಅಷ್ಟು ಮುಖ್ಯ? ಏಕೆಂದರೆ ಚಿಪ್ಪಿನೊಳಗೆ ಹೋದ ವಿದ್ಯುತ್ತೆಲ್ಲ ಕೊನೆಗೆ ಶಾಖವಾಗಿಯೇ ಹೊರಬರುತ್ತದೆ. ತೆರೆಯ ಮೇಲೆ ಕಾರು ಓಡಲಿ, ಕೋಟೆ ಉರುಳಲಿ, ಭೌತಶಾಸ್ತ್ರದ ಕಣ್ಣಿಗೆ ಅದೊಂದು 100 ವ್ಯಾಟಿನ ಒಲೆ ಮಾತ್ರ, ಅದೂ ಹೆಬ್ಬೆರಳಿನ ಉಗುರಿನಷ್ಟು ಜಾಗದಲ್ಲಿ. ಈ ಒಲೆಯ ಬಿಸಿಯನ್ನು ಹೊರಗೆ ಸಾಗಿಸುವ ಉಪಾಯ ಇದೆಯಲ್ಲ, ಅದನ್ನು ಮೆಚ್ಚಿಕೊಳ್ಳಲು ಒಂದಿಷ್ಟು ಜಾಗ ಬೇಕು.

ಲ್ಯಾಪ್‌ಟಾಪಿನ ಅಡಿ ಮುಚ್ಚಳ ಬಿಚ್ಚಿದರೆ ಚಿಪ್ಪಿನಿಂದ ಫ್ಯಾನಿನವರೆಗೆ ಚಪ್ಪಟೆ ತಾಮ್ರದ ಕೊಳವೆಗಳು ಕಾಣುತ್ತವೆ. ಹೆಚ್ಚಿನವರು ಅವನ್ನು ಗಟ್ಟಿ ತಾಮ್ರದ ಪಟ್ಟಿ ಎಂದುಕೊಳ್ಳುತ್ತಾರೆ. ಒಳಗೆ ಟೊಳ್ಳು. ಗಾಳಿಯನ್ನೆಲ್ಲ ಹೊರಗೆಳೆದು, ಚೂರೇ ಚೂರು ನೀರು ಬಿಟ್ಟು, ಎರಡೂ ತುದಿ ಮುಚ್ಚಿರುತ್ತಾರೆ. ಮೇಲೆ ಒತ್ತುವ ಗಾಳಿಯಿಲ್ಲದ್ದರಿಂದ ನೀರು ಕುದಿಯಲು 100 ಡಿಗ್ರಿಗೆ ಕಾಯುವುದಿಲ್ಲ. 40-50 ಡಿಗ್ರಿಯಲ್ಲೇ ಆವಿಯಾಗುತ್ತದೆ. ಆವಿ ತಣ್ಣಗಿನ ತುದಿಗೆ ಓಡಿ, ಅಲ್ಲಿ ಬಿಸಿ ಬಿಟ್ಟುಕೊಟ್ಟು ಮತ್ತೆ ನೀರಾಗುತ್ತದೆ. ಇಡ್ಲಿ ಪಾತ್ರೆಯ ಮುಚ್ಚಳ ತೆರೆದಾಗ ಒಳಮೈಗೆ ಹನಿಗಟ್ಟಿರುವುದನ್ನು ನೋಡಿದ್ದೀರಲ್ಲ, ಅದೇ ಇದು. ಕುದಿ ನೀರು ಸಿಡಿದದ್ದಕ್ಕಿಂತ ಆವಿ ತಾಗಿದರೆ ಕೈ ಹೆಚ್ಚು ಸುಡುವುದೂ ಇದೇ ಕಾರಣಕ್ಕೆ: ಆವಿ ನೀರಾಗುವಾಗ ಹೊತ್ತು ತಂದ ಬಿಸಿಯನ್ನೆಲ್ಲ ಚರ್ಮದ ಮೇಲೆ ಸುರಿದುಬಿಡುತ್ತದೆ. ಒಂದು ಗ್ರಾಂ ನೀರು ಆವಿಯಾಗಲು ಸುಮಾರು 2,300 ಜೂಲ್ ನುಂಗುತ್ತದೆ. ಲೆಕ್ಕ ಹಾಕಿ: 100 ವ್ಯಾಟ್ ಸಾಗಿಸಲು ಸೆಕೆಂಡಿಗೆ ಒಂದೇ ಒಂದು ಹನಿ ಆವಿಯಾದರೆ ಸಾಕು! ನಮ್ಮೂರಿನ ಮಂಡಕ್ಕಿ ಭಟ್ಟಿಯಲ್ಲಿ ಕಾದ ಮರಳಿಗೆ ಬಿದ್ದ ಅಕ್ಕಿ ಕ್ಷಣದಲ್ಲಿ ಅರಳುವುದು ಕಾಳಿನೊಳಗಿನ ಚೂರು ತೇವ ಆವಿಯಾಗುವುದರಿಂದಲೇ. ನೀರು ಕೊಂಚವೇ ಇದ್ದರೂ ಅದರ ಪ್ರತಾಪ ಅಷ್ಟು.

ನೀರಾದದ್ದು ಚಿಪ್ಪಿನ ಬಳಿಗೆ ಹಿಂದಿರುಗಬೇಕಲ್ಲ? ಅದಕ್ಕೆ ಕೊಳವೆಯ ಒಳಗೋಡೆಗೆ ತಾಮ್ರದ ಪುಡಿಯನ್ನು ಬೆಸೆದ ಒಂದು ಪದರವಿದೆ. ಅದು ಬತ್ತಿ. ದೇವರ ಮುಂದಿನ ದೀಪದಲ್ಲಿ ಎಣ್ಣೆ ಕೆಳಗಿದ್ದರೂ ಹತ್ತಿಯ ಬತ್ತಿ ಅದನ್ನು ಮೇಲಕ್ಕೆ ಎಳೆದುಕೊಳ್ಳುತ್ತದೆ. ಒಂದು ಕಾಲಕ್ಕೆ ಹತ್ತಿ ಗಿರಣಿಗಳಿಂದಾಗಿ ಕರ್ನಾಟಕದ ಮ್ಯಾಂಚೆಸ್ಟರ್ ಎನ್ನಿಸಿಕೊಂಡ ದಾವಣಗೆರೆಯವರಿಗೆ ಬತ್ತಿಯ ಮಹಿಮೆ ಬಿಡಿಸಿ ಹೇಳಬೇಕೇ? ಈ ಕೊಳವೆಯ ಕಲ್ಪನೆಗೆ 1942ರಲ್ಲೇ ಅಮೆರಿಕದ ಗಾಗ್ಲರ್ ಎಂಬ ಎಂಜಿನಿಯರ್ ಪೇಟೆಂಟ್ ಅರ್ಜಿ ಹಾಕಿದ್ದರು, ತಂಗಳು ಪೆಟ್ಟಿಗೆಗಾಗಿ. ಯಾರೂ ಕಿವಿಗೊಡಲಿಲ್ಲ. 1963ರಲ್ಲಿ ಲಾಸ್ ಅಲಮೋಸ್ ಪ್ರಯೋಗಾಲಯದ ಜಾರ್ಜ್ ಗ್ರೋವರ್ ಅದನ್ನು ಸ್ವತಂತ್ರವಾಗಿ ಮತ್ತೆ ಕಂಡುಕೊಂಡರು; ಅವರ ಮನಸ್ಸಿನಲ್ಲಿದ್ದದ್ದು ಬಾಹ್ಯಾಕಾಶ. ಅಲ್ಲಿ ನೀರು ಇಳಿದು ಬರಲು ಗುರುತ್ವದ ಆಸರೆಯಿಲ್ಲ, ಬತ್ತಿಗೆ ಅದು ಬೇಕಾಗಿಯೂ ಇಲ್ಲ. ಬಾಹ್ಯಾಕಾಶಕ್ಕೆಂದು ಮರುಹುಟ್ಟು ಪಡೆದದ್ದು ಈಗ ಅಳಿಯನ ತೊಡೆಯ ಮೇಲೆ ಕೂರುತ್ತದೆ. (ತೊಡೆಯ ಮೇಲೆ ಕೂರಿಸಬಾರದು, ಚರ್ಮ ಬಲೆಯಂತೆ ಕಪ್ಪಾಗುವುದು ವೈದ್ಯರಿಗೆ ಗೊತ್ತಿರುವ ಸಂಗತಿ.)

ಆದರೆ ಕೊಳವೆ ಬಿಸಿಯನ್ನು ಅಂಚಿನವರೆಗೆ ತಂದುಬಿಟ್ಟ ಮೇಲೆ ಅದನ್ನು ಹೊತ್ತೊಯ್ಯಬೇಕಾದದ್ದು ಕೋಣೆಯ ಗಾಳಿ. ಇಲ್ಲಿ ಯಾವ ಜಾಣತನವೂ ನಡೆಯುವುದಿಲ್ಲ. ಬಿಸಿ ಎಷ್ಟು ಹೋಗುತ್ತದೆ ಎಂಬುದು ಚಿಪ್ಪಿಗೂ ಗಾಳಿಗೂ ಇರುವ ಉಷ್ಣತೆಯ ಅಂತರಕ್ಕೆ ತಕ್ಕಂತೆ. ವಿಡಿಯೊದಲ್ಲಿ ಲ್ಯಾಪ್‌ಟಾಪ್ ಪರೀಕ್ಷಿಸುವವರು 25 ಡಿಗ್ರಿಯ ಎಸಿ ಕೋಣೆಯಲ್ಲಿ ಕುಳಿತಿದ್ದರೆ, 90 ಡಿಗ್ರಿಯ ಚಿಪ್ಪಿಗೆ 65 ಡಿಗ್ರಿ ಅಂತರ ಸಿಗುತ್ತದೆ. ಏಪ್ರಿಲ್ ಮಧ್ಯಾಹ್ನ ನಮ್ಮ ತಾರಸಿ ಮನೆಯ ಮಹಡಿ ಕೋಣೆ 39 ಡಿಗ್ರಿ ಮುಟ್ಟಿದರೆ ಉಳಿಯುವುದು 51. ಅದೇ ಫ್ಯಾನ್, ಅದೇ ತಾಮ್ರ, ಸಾಗಿಸುವ ಬಿಸಿಯಲ್ಲಿ ಐದನೇ ಒಂದು ಭಾಗಕ್ಕಿಂತ ಹೆಚ್ಚು ಕಡಿತ. ತೆಳ್ಳಗಿನ ಯಂತ್ರಕ್ಕೆ ಈ ಪೆಟ್ಟು ತಡೆಯುವ ಶಕ್ತಿ ಇರುವುದಿಲ್ಲ. ಅದು ವೇಗ ತಗ್ಗಿಸಿ ಜೀವ ಉಳಿಸಿಕೊಳ್ಳುತ್ತದೆ. ಚಿತ್ರದುರ್ಗದ ಗುಡ್ಡದ ಮೇಲೆ ಗಾಳಿಗಿರಣಿ ತಿರುಗುವಷ್ಟು ಗಾಳಿ ಇದ್ದರೂ ಅದೂ ಬಿಸಿ ಗಾಳಿಯೇ ಆದರೆ ಪ್ರಯೋಜನ ಅಷ್ಟಕ್ಕಷ್ಟೆ.

ನ್ಯಾಯವಾಗಿ ಇನ್ನೊಂದು ಮಾತನ್ನೂ ಹೇಳಬೇಕು. ಅರ್ಧ ವ್ಯಾಟ್ ಎಂದರೆ ಅರ್ಧ ವೇಗ ಎಂದು ಅರ್ಥವಲ್ಲ. ಚಿಪ್ ತಿನ್ನುವ ವಿದ್ಯುತ್ತು ಅದರ ವೇಗಕ್ಕೂ ವೋಲ್ಟೇಜಿನ ವರ್ಗಕ್ಕೂ ಅನುಗುಣ. ಎರಡನ್ನೂ ಶೇಕಡ 10ರಷ್ಟು ಇಳಿಸಿದರೆ ವ್ಯಾಟ್ ಶೇಕಡ 27ರಷ್ಟು ಇಳಿಯುತ್ತದೆ. ಹಾಗಾಗಿ 115 ಮತ್ತು 90 ವ್ಯಾಟಿನ ನಡುವೆ ಜಗಳವಾಡುವುದು ವ್ಯರ್ಥ. 115 ಮತ್ತು 45ರ ನಡುವಿನದು ಮಾತ್ರ ನಿಜವಾದ ನಷ್ಟ: ಈ ಲೆಕ್ಕ ಅಕ್ಷರಶಃ ನಡೆದರೂ ವೇಗದ ಕಾಲು ಭಾಗಕ್ಕಿಂತ ಹೆಚ್ಚು ಹೋಯಿತು. ನಿಜದಲ್ಲಿ ಇನ್ನೂ ಹೆಚ್ಚು, ಏಕೆಂದರೆ ವೋಲ್ಟೇಜನ್ನು ಒಂದು ಮಿತಿಗಿಂತ ಕೆಳಗಿಳಿಸಲು ಬರುವುದಿಲ್ಲ. ಅದೇ ಮಿತಿ ಇಡೀ ಉದ್ಯಮವನ್ನು ಕಾಡಿದೆ. ಟ್ರಾನ್ಸಿಸ್ಟರ್ ಚಿಕ್ಕದಾದಂತೆ ವೋಲ್ಟೇಜನ್ನೂ ಇಳಿಸಿದರೆ ಚಿಪ್ಪಿನ ಕಾವು ಏರುವುದಿಲ್ಲ ಎಂದು ಐಬಿಎಂನ ರಾಬರ್ಟ್ ಡೆನಾರ್ಡ್ 1974ರಲ್ಲಿ ತೋರಿಸಿದ್ದರು. ಮೂರು ದಶಕ ಆ ಸೂತ್ರ ಅನ್ನ ಹಾಕಿತು. ವೋಲ್ಟೇಜ್ ಇನ್ನು ಇಳಿಯದು ಎಂದಾದಾಗ ವೇಗದ ಜೊತೆ ಕಾವೂ ಏರತೊಡಗಿತು; 2004ರಲ್ಲಿ ಇಂಟೆಲ್ 4 ಗಿಗಾಹರ್ಟ್ಸ್ ಪೆಂಟಿಯಂ ತರುವ ಯೋಜನೆಯನ್ನೇ ಕೈಬಿಟ್ಟಿತು.

ಉಳಿದವನ್ನು ಬೇಗ ಮುಗಿಸುತ್ತೇನೆ. 8 ಜಿಬಿಯ ಒಂದೇ ರ್‍ಯಾಮ್ ಕಡ್ಡಿ ಇದ್ದರೆ ಹೆದರಬೇಡಿ, ಖಾಲಿ ಜಾಗ ಇದೆಯೇ ಕೇಳಿ. ಮುಂದೆ ಇನ್ನೊಂದು ಹಾಕಿದರೆ ಮೆಮೊರಿಗೆ ಮಾಹಿತಿ ಹೋಗಿಬರುವ ದಾರಿಯೂ ಜೋಡಿಯಾಗುತ್ತದೆ. ಅಗ್ಗದ ತೆರೆಯ ಬಣ್ಣ ಸಪ್ಪೆ, ಬ್ಯಾಡಗಿ ಮೆಣಸಿನಕಾಯಿ ಇಟ್ಟಿಗೆಯಂತೆ ಕಾಣುತ್ತದೆ. ಆಟಕ್ಕೆ ಸಹಿಸಬಹುದು, ಫೋಟೊ ಕೆಲಸಕ್ಕೆ ಬೇಡ. ಬ್ಯಾಟರಿಯಂತೂ ಸಮಾಧಾನಕ್ಕೆ. 55 ವ್ಯಾಟ್-ಗಂಟೆಯ ಬ್ಯಾಟರಿಯಿಂದ 160 ವ್ಯಾಟ್ ಎಳೆದರೆ ಇಪ್ಪತ್ತು ನಿಮಿಷದ ಮಾತು. ಅದಕ್ಕೇ ಕರೆಂಟ್ ಹೋದೊಡನೆ ಯಂತ್ರ ತಾನಾಗಿ ವೇಗ ತಗ್ಗಿಸಿಕೊಳ್ಳುತ್ತದೆ. ಮೊದಲ ದಿನ ಎಂಟು ಗಂಟೆ ಚಾರ್ಜ್ ಮಾಡಲೇಬೇಕು ಎಂದು ಅಂಗಡಿಯವರು ಹೇಳಿದರು. ಅದು ನಿಕ್ಕೆಲ್ ಬ್ಯಾಟರಿ ಕಾಲದ ಶಾಸ್ತ್ರ, ಲಿಥಿಯಂಗೆ ಅನ್ವಯಿಸುವುದಿಲ್ಲ.

ಕಪ್ಪಿನದನ್ನೇ ತಂದೆವು. ಅಳಿಯ ಒಂದು ವಾರ ಮುಖ ಊದಿಸಿಕೊಂಡಿದ್ದ, ಫ್ಯಾನಿನ ಸದ್ದು ಹಿಟ್ಟಿನ ಗಿರಣಿಯಂತಿದೆ ಎಂದು. ಅದು ಸುಳ್ಳೇನಲ್ಲ. ಆಯುಧ ಪೂಜೆಯ ದಿನ ಅಕ್ಕ ಲ್ಯಾಪ್‌ಟಾಪನ್ನು ಸೈಕಲ್ಲಿನ ಪಕ್ಕ ಇರಿಸಿ, ಹಿಂಬದಿಯ ಕಿಂಡಿಗಳ ಮೇಲೆಯೇ ವಿಭೂತಿ ಎಳೆಯಲು ಹೊರಟಳು. ನಾನು ಬಾಯಿ ತೆರೆಯುವ ಮೊದಲೇ ಅಳಿಯ ಕೈ ಅಡ್ಡ ಹಿಡಿದ. "ಅಲ್ಲಿ ಬೇಡಮ್ಮ, ಅದು ಉಸಿರಾಡುವ ಜಾಗ." ಅಕ್ಕ ಒಂದು ಕ್ಷಣ ಯೋಚಿಸಿ ಚಾರ್ಜರಿಗೆ ಮೂರು ಎಳೆ ಎಳೆದು, ಅದರ ಮೇಲೊಂದು ಸೇವಂತಿಗೆ ಇಟ್ಟಳು.