ಗ್ರೀಕ್ ಪ್ರಹಸನದಲ್ಲಿ ಕನ್ನಡ: ಒಂದು ಪಪೈರಸ್ ಚೂರಿನ ಸುತ್ತ ನೂರಿಪ್ಪತ್ತು ವರ್ಷದ ವಾದ

ನವೆಂಬರ್ ಹತ್ತಿರ ಬಂತೆಂದರೆ ಒಂದು ಮಾತು ವಾಟ್ಸ್ಯಾಪ್‌ನಲ್ಲಿ ತಪ್ಪದೆ ಓಡಾಡುತ್ತದೆ. ಎರಡನೇ ಶತಮಾನದ ಗ್ರೀಕ್ ನಾಟಕದಲ್ಲೇ ಕನ್ನಡದ ಸಂಭಾಷಣೆ ಇದೆ, ಹಾಗಾಗಿ ಕನ್ನಡಕ್ಕೆ ಎರಡು ಸಾವಿರ ವರ್ಷ ಆಯಿತು ಎಂಬ ಮಾತು. ಕ್ವಿಜ್ ಪುಸ್ತಕಗಳಲ್ಲೂ ವೇದಿಕೆಯ ಭಾಷಣಗಳಲ್ಲೂ ಇದು ಬರುತ್ತದೆ. ಸುಮ್ನೆ ಹುಟ್ಟಿಸಿದ ಕತೆ ಏನಲ್ಲ, ಇದರ ಹಿಂದೆ ಗಟ್ಟಿ ದಾಖಲೆಯೊಂದಿದೆ. ಆ ದಾಖಲೆಯನ್ನು ಹೀಗೆ ಓದಬಹುದೇ ಎಂಬ ಬಗ್ಗೆ ಅಷ್ಟೇ ಗಟ್ಟಿ ಸಂಶಯವೂ ಇದೆ. ಫಾರ್ವರ್ಡ್ ಆಗುವುದು ಮಾತ್ರ ಮೊದಲ ಅರ್ಧ.

ಕತೆ ಶುರುವಾಗುವುದು ಈಜಿಪ್ಟಿನ ಒಂದು ತಿಪ್ಪೆಯಲ್ಲಿ. ಕೈರೋದಿಂದ ದಕ್ಷಿಣಕ್ಕೆ ಸುಮಾರು 160 ಕಿಲೋಮೀಟರ್ ದೂರದಲ್ಲಿ ಆಕ್ಸಿರಿಂಕಸ್ ಎಂಬ ಊರಿತ್ತು. ಗ್ರೀಕರ ಮತ್ತು ರೋಮನ್ನರ ಆಳ್ವಿಕೆಯ ಕಾಲದಲ್ಲಿ ಅಲ್ಲಿಯ ಜನ ಬೇಡವಾದ ಕಾಗದಪತ್ರಗಳನ್ನೆಲ್ಲ ಊರ ಹೊರಗೆ ಎಸೆಯುತ್ತಿದ್ದರು. ಮಳೆಯೇ ಇಲ್ಲದ ಜಾಗವಾದ್ದರಿಂದ ಜೊಂಡಿನಿಂದ ಮಾಡಿದ ಪಪೈರಸ್ ಹಾಳೆಗಳು ಮರಳಿನಡಿ ಹಾಗೇ ಉಳಿದವು. 1896ರಲ್ಲಿ ಆಕ್ಸ್‌ಫರ್ಡ್‌ನ ಬರ್ನಾರ್ಡ್ ಗ್ರೆನ್‌ಫೆಲ್ ಮತ್ತು ಆರ್ಥರ್ ಹಂಟ್ ಅಗೆಯಲು ತೊಡಗಿದರು. ತೆರಿಗೆ ರಸೀದಿ, ಮನೆಪತ್ರ, ಹಳೆಯ ಕಾವ್ಯದ ತುಣುಕು, ಹೀಗೆ ಲಕ್ಷಗಟ್ಟಲೆ ಚೂರುಗಳು ಸಿಕ್ಕವು. 1903ರಲ್ಲಿ ಇವರು ಹೊರತಂದ ಮೂರನೇ ಸಂಪುಟದಲ್ಲಿ 413ನೇ ನಂಬರಿನ ಒಂದು ಹಾಳೆ ಇತ್ತು. ಬರವಣಿಗೆ ಎರಡನೇ ಶತಮಾನದ್ದು. ಅದರಲ್ಲಿದ್ದದ್ದು ಒಂದು ಪ್ರಹಸನ.

ನಾಯಕಿಯ ಹೆಸರು ಚಾರಿಟಿಯನ್. ಗ್ರೀಕ್ ಹೆಣ್ಣುಮಗಳು, ಭಾರತದ ಕರಾವಳಿಯ ಯಾವುದೋ ರಾಜ್ಯದ ದೇವಸ್ಥಾನದಲ್ಲಿ ಸಿಕ್ಕಿಬಿದ್ದಿದ್ದಾಳೆ. ಅವಳ ಸಹೋದರ ಹಡಗಿನಲ್ಲಿ ಬಂದು ಬಿಡಿಸಿಕೊಂಡು ಹೋಗಬೇಕು. ಅಲ್ಲಿನ ರಾಜನಿಗೂ ಅವನ ಪರಿವಾರಕ್ಕೂ ನೀರು ಬೆರೆಸದ ವೈನ್ ಕುಡಿಸುತ್ತಾರೆ. ಎಲ್ಲರೂ ಅಮಲೇರಿ ಕುಣಿಯುವಾಗ ರಾಜನನ್ನು ಕಟ್ಟಿಹಾಕಿ ಹಡಗು ಹತ್ತುತ್ತಾರೆ. ಹಳೆಯ ಗ್ರೀಕ್ ನಾಟಕಕಾರ ಯೂರಿಪಿಡೀಸನ ನಾಟಕವೊಂದರ ಅಣಕು ಇದು. ಅಲ್ಲೂ ಪರದೇಶದ ಗುಡಿಯಲ್ಲಿ ಸಿಕ್ಕಿಕೊಂಡ ಇಫಿಗೇನಿಯಾಳನ್ನು ಅವಳ ತಮ್ಮ ಬಂದು ಬಿಡಿಸುತ್ತಾನೆ. ಇಲ್ಲಿ ಮಾತ್ರ ಜೊತೆಗೊಬ್ಬ ವಿದೂಷಕ ಇದ್ದಾನೆ. ಅವನ ಮುಖ್ಯ ಆಯುಧ ಹೂಸು. ಅದರಿಂದಲೇ ಶತ್ರುಗಳನ್ನು ಓಡಿಸುತ್ತಾನೆ, ಅದನ್ನೇ ದೇವತೆ ಎಂದು ಕರೆದು ಪ್ರಾರ್ಥನೆ ಮಾಡುತ್ತಾನೆ. ನಮ್ಮ ಅಭಿಮಾನದ ಬರಹಗಳು ಈ ಭಾಗವನ್ನು ಸಾಮಾನ್ಯವಾಗಿ ಹಾರಿಸಿಬಿಡುತ್ತವೆ. ನನಗೇನೋ ಇಡೀ ನಾಟಕದಲ್ಲಿ ತುಂಬ ಜೀವಂತವಾದ ಪಾತ್ರ ಅವನೇ ಅನಿಸುತ್ತದೆ.

ರಾಜ ಮತ್ತು ಅವನ ಕಡೆಯವರು ಅಲ್ಲಲ್ಲಿ ಗ್ರೀಕ್ ಅಲ್ಲದ ಮಾತು ಆಡುತ್ತಾರೆ. ಲಿಪಿ ಗ್ರೀಕ್, ಮಾತು ಬೇರೆ. ಇದು ಯಾವ ಭಾಷೆ? 1904ರಲ್ಲಿ ಜರ್ಮನ್ ವಿದ್ವಾಂಸ ಯೂಜೆನ್ ಹುಲ್ಟ್ಜ್ ಒಂದು ಉತ್ತರ ಕೊಟ್ಟರು: ಕನ್ನಡ. ಅವರು ಮದ್ರಾಸ್ ಸರ್ಕಾರದ ಶಾಸನತಜ್ಞರಾಗಿದ್ದವರು, ದಕ್ಷಿಣದ ಶಾಸನಗಳನ್ನು ಅರೆದು ಕುಡಿದವರು. ಅವರ ಮಾತನ್ನು ಹಗುರವಾಗಿ ತಳ್ಳಿಹಾಕುವಂತಿರಲಿಲ್ಲ.

ಹಾಳೆಯಲ್ಲಿ ಒಂದು ಕಡೆ ಹೀಗಿದೆ: 'ಬೆರೆ ಕೊನ್ಜೆಯ್ ದಮುನ್ ಪೆತ್ರೆಕಿಯೊ ಪಕ್ತೆಯ್'. ಹುಲ್ಟ್ಜ್ ಇದನ್ನು 'ಬೇರೆ ಕೊಂಚ ಮಧು ಪಾತ್ರಕ್ಕೆ ಹಾಕಿ' ಎಂದು ಓದಿದರು. ಇನ್ನೊಂದು ಕಡೆ 'ಪಾನೂಂಬ್ರೆತಿಕತೆಮಾನೂಅಂಬ್ರೆತೂವೆನಿ' ಎಂದು ಎಡೆಬಿಡದೆ ಬರೆದಿದೆ. ಇದು ಅವರ ಪ್ರಕಾರ 'ಪಾನಂ ಬೇರೆತ್ತಿ ಕಟ್ಟಿ ಮಧುವಂ ಬೇರೆತ್ತುವೆನು'. ಬಟ್ಟಲನ್ನು ಬೇರೆಯಾಗಿ ತೆಗೆದುಕೊಂಡು, ಮುಚ್ಚಿ, ಮಧುವನ್ನು ಬೇರೆಯಾಗಿ ತೆಗೆದುಕೊಳ್ಳುವೆ ಎಂಬ ಅರ್ಥ. ರಂಗದ ಮೇಲೆ ಕುಡಿತ ನಡೆಯುವ ಹೊತ್ತಿಗೆ ಈ ಮಾತು ಬರುತ್ತದೆ. ಹಾಗಾಗಿ ಮೊದಲ ಸಲ ಓದಿದ ಯಾವ ಕನ್ನಡಿಗನಿಗೂ ಮೈ ಜುಮ್ಮೆನ್ನುವುದು ಸಹಜ ಅಲ್ವಾ?

ಮೈಸೂರಿನಲ್ಲಿ ಇದನ್ನು ಕೈಗೆತ್ತಿಕೊಂಡವರು ಕೌಟಿಲ್ಯನ ಅರ್ಥಶಾಸ್ತ್ರವನ್ನು ಬೆಳಕಿಗೆ ತಂದ ಆರ್. ಶಾಮಶಾಸ್ತ್ರಿ. ಹುಲ್ಟ್ಜ್ ಕೆಲವೇ ಸಾಲು ಬಿಡಿಸಿದ್ದರೆ ಶಾಸ್ತ್ರಿಗಳು ಇನ್ನೂ ಹಲವು ಸಾಲುಗಳಲ್ಲಿ ಕನ್ನಡ ಕಂಡರು. ಆಮೇಲೆ ವಾದ ಕರಾವಳಿಗೆ ಇಳಿಯಿತು. ನಾಟಕದ ಘಟನೆ ನಡೆದ ಜಾಗ ಯಾವುದು? ಮಲ್ಪೆ ಹತ್ತಿರದ ವಡಭಾಂಡೇಶ್ವರ ಎಂದರು ಇತಿಹಾಸಕಾರ ಬಿ.ಎ. ಸಾಲೆತ್ತೂರು. ಮಂಜೇಶ್ವರದ ಗೋವಿಂದ ಪೈ ಅವರ ಪ್ರಕಾರ ಅದು ಆಳುಪರ ರಾಜಧಾನಿ ಉದ್ಯಾವರ. ಎರಡೂ ಊರು ಉಡುಪಿಯ ಪಕ್ಕದಲ್ಲೇ ಇವೆ. ಪರದೇಶಿ ಮಾತಿನ ನಡುವೆ 'ಮಲ್ಪಿನಿಯಾ' ಎಂಬಂಥ ಅಕ್ಷರಗಳಿವೆ, ಮಲ್ಪೆಯ ಹೆಸರನ್ನು ಅದರಲ್ಲಿ ಕೇಳಿಸಿಕೊಂಡವರಿದ್ದಾರೆ. ಈಜಿಪ್ಟಿನ ಯಾರೋ ನಟರು ಜನರನ್ನು ನಗಿಸಲು ಆಡಿದ ನಾಟಕಕ್ಕೆ ನಾವು ಊರು, ಗುಡಿ, ಹೊಳೆ ಎಲ್ಲ ಗುರುತಿಸಲು ಹೊರಟಿದ್ದೆವು. 1980ರ ದಶಕದಲ್ಲಿ ಇನ್ನೊಂದು ತಿರುವು ಬಂತು. ಇದು ಕನ್ನಡವೇ ಅಲ್ಲ, ತುಳು ಎಂಬ ವಾದ. ಹಳೆಯದೆಂಬ ಕೀರ್ತಿ ಯಾರಿಗೆ ಬೇಡ?

ಸಂಶಯವೂ ಬೇಗನೆ ಶುರುವಾಗಿತ್ತು. ಲಂಡನ್ನಿನಲ್ಲಿದ್ದ ಭಾರತೀಯ ಭಾಷೆಗಳ ವಿದ್ವಾಂಸ ಲಯೊನೆಲ್ ಬಾರ್ನೆಟ್ 1926ರಲ್ಲೇ ಈ ಕನ್ನಡ ಓದನ್ನು ಪ್ರಶ್ನಿಸಿ ಬರೆದರು. ತೊಡಕು ಎಲ್ಲಿದೆ ಎಂದು ನೋಡಲು ನಾವೇನೂ ವಿದ್ವಾಂಸರಾಗಬೇಕಿಲ್ಲ. 'ದಮುನ್' ಎಂದಿರುವುದು 'ಮಧು' ಆಗಬೇಕಾದರೆ ಅಕ್ಷರಗಳನ್ನು ಅದಲುಬದಲು ಮಾಡಬೇಕು. ಪದಗಳ ನಡುವೆ ಬಿಡುವೇ ಇಲ್ಲದ ಕಡೆ ಎಲ್ಲಿ ಕತ್ತರಿಸಬೇಕು ಎಂಬುದು ಓದುವವರ ಇಷ್ಟ. 'ಎತ್ತುವೆನು' ಎಂಬ ರೂಪವಂತೂ ನಡುಗನ್ನಡದ್ದು. ಹತ್ತನೇ ಶತಮಾನದ ಪಂಪನ ಕನ್ನಡದಲ್ಲೇ ಅದು 'ಎತ್ತುವೆಂ' ಆಗಬೇಕಿತ್ತು. ಅದಕ್ಕಿಂತ ಎಂಟುನೂರು ವರ್ಷ ಹಿಂದಿನ ಹಾಳೆಯಲ್ಲಿ ನಡುಗನ್ನಡ ಹೇಗೆ ಬಂತು? ನ್ಯಾಯವಾಗಿ ಇನ್ನೊಂದು ಕಡೆಯನ್ನೂ ಹೇಳಬೇಕು. 'ಹಾಕಿ' ಎಂದು ಓದಿದ ಪದ ಹಾಳೆಯಲ್ಲಿ ಪಕಾರದಿಂದ ಶುರುವಾಗುತ್ತದೆ. ಹಳಗನ್ನಡದ ಪಕಾರವೇ ಮುಂದೆ ಹಕಾರವಾದದ್ದು. ಈ ಒಂದು ಅಂಶ ಹುಲ್ಟ್ಜ್ ಕಡೆಗೇ ವಾಲುತ್ತದೆ.

ದೊಡ್ಡ ತೊಂದರೆ ಬೇರೆಯೇ ಇದೆ. ಹಲ್ಮಿಡಿ ಶಾಸನ ಸುಮಾರು ಕ್ರಿ.ಶ. 450ರದ್ದು. ಎರಡನೇ ಶತಮಾನದ ಕನ್ನಡ ಹೇಗಿತ್ತು ಎಂದು ಹೋಲಿಸಿ ನೋಡಲು ನಮ್ಮ ಕೈಲಿ ಪೂರ್ತಿ ವಾಕ್ಯವೊಂದೂ ಇಲ್ಲ. ರೋಮನ್ ನಾಟಕಕಾರ ಪ್ಲಾಟಸ್‌ನ ಒಂದು ಹಾಸ್ಯ ನಾಟಕದಲ್ಲಿ ಕಾರ್ತೇಜಿನ ಒಬ್ಬ ಮುದುಕ ತನ್ನ ಪ್ಯೂನಿಕ್ ಭಾಷೆಯಲ್ಲೇ ಮಾತಾಡುತ್ತಾನೆ. ನಕಲು ಮಾಡುವವರ ಕೈಯಲ್ಲಿ ಅದು ಕೆಟ್ಟಿದೆ, ಆದರೂ ಅದು ನಿಜವಾದ ಪ್ಯೂನಿಕ್ ಎಂದು ವಿದ್ವಾಂಸರು ಒಪ್ಪುತ್ತಾರೆ. ಯಾಕೆಂದರೆ ಆ ಭಾಷೆಯ ಸಾವಿರಾರು ಶಾಸನಗಳು ಬೇರೆ ಕಡೆ ಸಿಕ್ಕಿವೆ, ಹೋಲಿಸಬಹುದು. ಅಥೆನ್ಸಿನ ಅರಿಸ್ಟೊಫೇನಿಸ್ ಕ್ರಿ.ಪೂ. 425ರಲ್ಲಿ ಆಡಿಸಿದ ನಾಟಕದಲ್ಲಿ ಪರ್ಷಿಯಾದ ದೂತ ಒಂದು ಸಾಲು ಒದರುತ್ತಾನೆ. ಅದು ನಿಜವಾದ ಪರ್ಷಿಯನ್ನೋ, ಬರೀ ತಮಾಷೆಯ ಸದ್ದೋ ಎಂಬ ಜಗಳ ಇನ್ನೂ ಮುಗಿದಿಲ್ಲ. ಚಾರಿಟಿಯನ್ ಪ್ರಹಸನವೂ ಈ ಎರಡನೇ ಗುಂಪಿಗೇ ಸೇರುತ್ತದೆ. ಇಂದಿನ ಪಾಶ್ಚಾತ್ಯ ವಿದ್ವಾಂಸರಲ್ಲಿ ಹಲವರು ಇದನ್ನು ಭಾರತದ ಮಾತಿನಂತೆ ಕೇಳಿಸುವ ಕಟ್ಟುಮಾತು ಎಂದೇ ನೋಡುತ್ತಾರೆ. ಯಾವುದೋ ಬಂದರಿನಲ್ಲಿ ಕಿವಿಗೆ ಬಿದ್ದ ಒಂದೆರಡು ನಿಜ ಪದಗಳು ಅದರಲ್ಲಿ ಸೇರಿರಲೂಬಹುದು.

ಇಷ್ಟೆಲ್ಲ ಇದ್ದೂ ನಮ್ಮಲ್ಲಿ ಸಂಶಯ ಯಾಕೆ ಕರಗಿಹೋಯಿತು? ಕಾಲ ಹಾಗಿತ್ತು. 2004ರಲ್ಲಿ ತಮಿಳಿಗೆ ಶಾಸ್ತ್ರೀಯ ಭಾಷೆಯ ಪಟ್ಟ ಸಿಕ್ಕಿತು. ಮರುವರ್ಷ ಕೇಂದ್ರ ಸರ್ಕಾರ 1500ರಿಂದ 2000 ವರ್ಷ ಹಳೆಯ ಬರಹ ಇರಬೇಕು ಎಂಬ ಅಳತೆ ಇಟ್ಟಿತು. ಹಲ್ಮಿಡಿ ಆ ಅಳತೆಯ ಅಂಚಿಗೆ ಬಂದು ನಿಲ್ಲುತ್ತದೆ. ಎರಡನೇ ಶತಮಾನದ ಒಂದು ಗ್ರೀಕ್ ಸಾಕ್ಷಿ ಇದೆ ಎಂದರೆ ಬಿಡುವವರು ಯಾರು? 2008ರ ಅಕ್ಟೋಬರ್ 31ರಂದು ಕನ್ನಡಕ್ಕೂ ತೆಲುಗಿಗೂ ಪಟ್ಟ ಬಂತು. ಆಗಲೂ ಈಗಲೂ ಕನ್ನಡದ ಹಿರಿಮೆಗೆ ಕವಿರಾಜಮಾರ್ಗವೇ ಸಾಕು ಎನ್ನುವವನು ನಾನು. ಆದರೆ ಗ್ರೀಸ್, ರೋಮ್ ಎಂದ ಕೂಡಲೇ ನಮಗೊಂದು ವಿಶೇಷ ಮರ್ಯಾದೆ. ಪಕ್ಕದ ಊರಿನ ವೀರಗಲ್ಲಿಗಿಂತ ಆಕ್ಸ್‌ಫರ್ಡ್‌ನವರು ತೆಗೆದ ಚೂರಿಗೆ ತೂಕ ಜಾಸ್ತಿ. ಯುರೋಪಿನವರು ತಮ್ಮ ಬೇರನ್ನು ಗ್ರೀಸಿನಲ್ಲಿ ಹುಡುಕಿದರು. ವಸಾಹತು ಕಾಲದಲ್ಲಿ ಓದಿದ ನಮ್ಮ ಹಿರಿಯರೂ ಅದೇ ತಕ್ಕಡಿಯನ್ನು ಒಪ್ಪಿಕೊಂಡರು.

ವಿಚಿತ್ರ ಅಂದರೆ, ಗಟ್ಟಿಯಾದ ಸಾಕ್ಷಿಗಳ ಬಗ್ಗೆ ನಮಗೆ ಅಷ್ಟು ಉತ್ಸಾಹವಿಲ್ಲ. ರೋಮಿನಿಂದ ಪ್ರತಿವರ್ಷ ಐದು ಕೋಟಿ ಸೆಸ್ಟರ್ಸ್ ಹಣ ಭಾರತಕ್ಕೆ ಹರಿದುಹೋಗುತ್ತಿದೆ ಎಂದು ಒಂದನೇ ಶತಮಾನದಲ್ಲಿ ರೋಮನ್ ಲೇಖಕ ಪ್ಲಿನಿ ಗೊಣಗಿದ್ದ. ಟಾಲೆಮಿಯ ಭೂಗೋಳ ಗ್ರಂಥದಲ್ಲಿ ಬನವಾಸಿಯ ಹೆಸರಿದೆ. ಚಿತ್ರದುರ್ಗದ ಪಕ್ಕದ ಚಂದ್ರವಳ್ಳಿಯಲ್ಲಿ ರೋಮನ್ ಚಕ್ರವರ್ತಿಗಳಾದ ಅಗಸ್ಟಸ್ ಮತ್ತು ಟೈಬೀರಿಯಸ್ ಕಾಲದ ಬೆಳ್ಳಿ ನಾಣ್ಯಗಳು ಸಿಕ್ಕಿವೆ, 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಅಲ್ಲಿ ಅಗೆದರು. ಬೆಂಗಳೂರಿನ ಯಶವಂತಪುರದಲ್ಲಿ 1891ರಲ್ಲೇ ರೋಮನ್ ನಾಣ್ಯಗಳ ನಿಧಿ ಸಿಕ್ಕಿತ್ತು. ಕೆಂಪು ಸಮುದ್ರದ ದಡದ ಬೆರೆನಿಕೆ ಬಂದರಿನಲ್ಲಿ ಭಾರತದ ದೊಡ್ಡ ಮಡಕೆಯೊಂದರಲ್ಲಿ ಏಳು ಕಿಲೋಗೂ ಜಾಸ್ತಿ ಕರಿಮೆಣಸು ಇತ್ತು. ಅಲ್ಲೂ ಅದೇ ದಡದ ಕುಸೈರ್‌ನಲ್ಲೂ ತಮಿಳು ಬ್ರಾಹ್ಮಿ ಲಿಪಿಯಲ್ಲಿ ಹೆಸರು ಗೀಚಿದ ಮಡಕೆ ಚೂರುಗಳು ಸಿಕ್ಕಿವೆ. ದಕ್ಷಿಣ ಭಾರತದ ಜನ ಈಜಿಪ್ಟಿನವರೆಗೆ ಹೋಗಿದ್ದರು ಎನ್ನಲು ಊಹೆಯ ಓದು ಬೇಕಿಲ್ಲ.

ಇನ್ನು ನಾಟಕ ನೋಡಿ ನಗುತ್ತಿದ್ದವರ ವಿಷಯ. ಆಕ್ಸಿರಿಂಕಸ್‌ನ ಪ್ರೇಕ್ಷಕರಿಗೆ ಭಾರತ ಎಂದರೆ ಮೆಣಸು ಮತ್ತು ಮುತ್ತಿನ ದೂರದ ನಾಡು. ಅಲ್ಲಿಯ ರಾಜ ಅವರ ಕಣ್ಣಿಗೆ ವೈನ್ ಕುಡಿಯಲು ಬಾರದ, ಕುಣಿಯುತ್ತ ಮೋಸಹೋಗುವ ದಡ್ಡ. ಅವನ ಭಾಷೆ ಅರ್ಥವಾಗದಿರುವುದೇ ಒಂದು ಜೋಕು. ಒಂದು ಕಡೆ ಗ್ರೀಕನೊಬ್ಬ 'ಏನಂತೆ?' ಎಂದು ಕೇಳುತ್ತಾನೆ, ಇನ್ನೊಬ್ಬ 'ಪಾಲು ಹಂಚಿಕೊಳ್ಳೋಣ ಅಂತಿದ್ದಾನೆ' ಎಂದು ಅರ್ಥ ಹೇಳುತ್ತಾನೆ. ಹಾಳೆಯಲ್ಲಿ ಎಲ್ಲಿ ಡೋಲು ಬಾರಿಸಬೇಕು ಎಂಬ ಗುರುತುಗಳೂ ಇವೆ, ಅಂದರೆ ಆಡಿಸಲೆಂದೇ ಬರೆದಿಟ್ಟ ಪ್ರತಿ. ಆ ಮಾತು ನಿಜಕ್ಕೂ ಕನ್ನಡವೇ ಆಗಿದ್ದರೆ, ಅವರು ನಕ್ಕಿದ್ದು ನಮ್ಮವರನ್ನೇ.

ಈ ವಾದ ತೀರಬೇಕಾದರೆ ಎರಡರಲ್ಲಿ ಒಂದು ಸಿಗಬೇಕು. ಒಂದೋ ಅದೇ ನಾಟಕದ ಇನ್ನೊಂದು ಪ್ರತಿ, ಆಗ ಅಕ್ಷರಗಳನ್ನು ಪಕ್ಕಪಕ್ಕ ಇಟ್ಟು ನೋಡಬಹುದು. ಇಲ್ಲವೇ ಹಲ್ಮಿಡಿಗಿಂತ ಎರಡು ಮೂರು ಶತಮಾನ ಹಿಂದಿನ ಕನ್ನಡ ಬರಹ. ಮೊದಲನೆಯದರ ಆಸೆ ಪೂರ್ತಿ ಬಿಡಬೇಕಾಗಿಲ್ಲ. ಗ್ರೆನ್‌ಫೆಲ್ ಮತ್ತು ಹಂಟ್ ಪೆಟ್ಟಿಗೆಗಟ್ಟಲೆ ತಂದ ಚೂರುಗಳಲ್ಲಿ ಇಲ್ಲಿಯವರೆಗೆ ಓದಿ ಅಚ್ಚು ಹಾಕಿರುವುದು ಸಣ್ಣ ಪಾಲು ಮಾತ್ರ, ಉಳಿದವು ಆಕ್ಸ್‌ಫರ್ಡ್‌ನಲ್ಲಿವೆ.