ಪದ ಪರಿಚಯ: ಒಟ್ಟೋದು

ಶಿವರಾತ್ರಿಯ ಆಸುಪಾಸಿನಲ್ಲಿ ಕಲಬುರಗಿ ಸೀಮೆಯ ಹೊಲಗಳಲ್ಲಿ ಬಿಳಿಜೋಳದ ರಾಶಿ ನಡೆಯುತ್ತದೆ. ಕಾಳು ಚೀಲ ಸೇರಿದ ಮೇಲೆ ಉಳಿಯುವುದು ಕಣಿಕಿ, ಅಂದರೆ ಒಣ ದಂಟಿನ ಮೇವು. ‘ಬಣವಿ ಒಟ್ಟೋದು ಇನ್ನಾ ಬಾಕಿ ಅದ’ ಎಂಬ ಮಾತು ಆಗ ಕಿವಿಗೆ ಬೀಳುತ್ತದೆ. ಒಟ್ಟುವುದು, ಅಂದರೆ ಪೇರಿಸುವುದು, ಬಾಯಲ್ಲಿ ಸವೆದು ಒಟ್ಟೋದು ಆಗಿದೆ. ಅದೇ ಪದವನ್ನು ಇನ್ನೊಂದು ಬಗೆಯಲ್ಲಿ ಬಿಡಿಸಬಹುದು: ಒಟ್ಟು, ಓದು. ಓದುತ್ತೇನೆಂದು ತಂದು, ಓದದೆ, ಒಂದರ ಮೇಲೊಂದು ಪೇರಿಸಿಟ್ಟ ಪುಸ್ತಕಗಳಿಗೂ ಆ ಚಟಕ್ಕೂ ಕನ್ನಡದಲ್ಲಿ ಹೆಸರಿಲ್ಲ ಎನ್ನುವವರಿಗೆ ಇದು ಸಾಕು. ಈ ಅರ್ಥದಲ್ಲಿ ನಿಘಂಟಿನಲ್ಲಿ ಹುಡುಕಬೇಡಿ, ಇನ್ನೂ ಸೇರಿಲ್ಲ.

ಇದೇ ಬಗೆಯ ಶ್ಲೇಷೆಯಿಂದ ಜಪಾನೀಯರು ‘ತ್ಸುಂದೊಕು’ ಎಂಬ ಪದ ಕಟ್ಟಿಕೊಂಡರು. ಮೇಜಿ ಕಾಲದ (1868–1912) ನಗೆಮಾತು ಅದು. ‘ತ್ಸುಂದೆ ಒಕು’ ಎಂದರೆ ಒಟ್ಟಿ ಇಡು. ‘ದೊಕು’ ಎಂದರೆ ಓದು. ಎರಡನ್ನೂ ಕೂಡಿಸಿ ನಾಲಿಗೆ ಹೊರಳಿಸಿದರೆ ತ್ಸುಂದೊಕು. ಜಪಾನಿನಲ್ಲಿ ದೊಕು ಸೇರಿದ ಗಂಭೀರ ಪದಗಳ ಒಂದು ಸಾಲೇ ಇದೆ: ಹೆಚ್ಚು ಓದುವುದು ತದೊಕು, ವೇಗವಾಗಿ ಓದುವುದು ಸೊಕುದೊಕು, ಸಿಕ್ಕಸಿಕ್ಕದ್ದನ್ನು ಓದುವುದು ರಂದೊಕು. ಓದದೆ ಇರುವುದನ್ನೂ ಓದಿನ ಒಂದು ವಿಧಾನವೆಂಬಂತೆ ಆ ಸಾಲಿನಲ್ಲಿ ಕೂರಿಸಿದ್ದರಲ್ಲಿ ನಗೆಯಿದೆ.

ಆ ‘ಒಕು’ವನ್ನು ಸ್ವಲ್ಪ ಗಮನಿಸಬೇಕು. ನಮ್ಮ ‘ಇಡು’ ಮಾಡುವ ಕೆಲಸವನ್ನೇ ಅದು ಅಲ್ಲಿ ಮಾಡುತ್ತದೆ. ರೊಟ್ಟಿ ಮಾಡು ಎನ್ನುವುದಕ್ಕೂ ರೊಟ್ಟಿ ಮಾಡಿಡು ಎನ್ನುವುದಕ್ಕೂ ಎಷ್ಟು ಅಂತರ! ಮುಂದೆ ಬೇಕಾಗುತ್ತದೆ ಎಂಬ ಲೆಕ್ಕ ‘ಇಡು’ವಿನೊಳಗಿದೆ. ತ್ಸುಂದೊಕುವನ್ನು ಆಲಸ್ಯ ಎಂದಷ್ಟೇ ತಿಳಿದರೆ ಈ ಅರ್ಧ ಜಾರಿಹೋಗುತ್ತದೆ. ಬಣವಿಯೂ ಹಾಗೆಯೇ. ಮೇ ತಿಂಗಳಲ್ಲಿ ಹೊಲದಲ್ಲಿ ಹಸಿರು ಕಡ್ಡಿ ಇಲ್ಲದಾಗ ದನಗಳಿಗೆ ಬೇಕೆಂದೇ ಫೆಬ್ರವರಿಯಲ್ಲಿ ಒಟ್ಟಿದ್ದು. ದನ ಇನ್ನೂ ತಿಂದಿಲ್ಲವೆಂದು ಬಣವಿಯನ್ನು ಯಾರೂ ಬೈಯುವುದಿಲ್ಲ.

ಸಂಧಿಯ ದೃಷ್ಟಿಯಿಂದ ಪದ ಶುದ್ಧವಾಗಿದೆ. ಒಟ್ಟು ಎಂಬುದರ ಕೊನೆಯ ಉಕಾರ ಬಿದ್ದು ಒಟ್ಟೋದು, ಲೋಪಸಂಧಿ. ಇದಕ್ಕೊಬ್ಬ ಹಿರಿಯಣ್ಣನಿದ್ದಾನೆ, ಅವನೂ ಇದೇ ಜಿಲ್ಲೆಯವನು. ಈಗ ಸೇಡಂ ತಾಲ್ಲೂಕಿನಲ್ಲಿ, ಕಾಗಿಣಾ ದಂಡೆಯಲ್ಲಿರುವ ಮಳಖೇಡ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟವಾಗಿದ್ದಾಗ, 9ನೇ ಶತಮಾನದಲ್ಲಿ, ‘ಕವಿರಾಜಮಾರ್ಗ’ ಹುಟ್ಟಿತು. ಕನ್ನಡಿಗರು ‘ಕುರಿತೋದದೆಯುಂ’ ಕಾವ್ಯಪ್ರಯೋಗದಲ್ಲಿ ಪರಿಣತರು ಎಂಬ ಮಾತು ಅದರಲ್ಲಿದೆ. ಕುರಿತು, ಓದು: ಕುರಿತೋದು. ಗುರಿಯಿಟ್ಟು ಕೂತು ಮಾಡುವ ಓದು ಅದು. ಕುರಿತೋದದವರನ್ನು ಹೊಗಳಿದ ಆ ಗ್ರಂಥವನ್ನೇ ಕೊಂಡು ಬಿಚ್ಚದೆ ಇಟ್ಟವರು ನಮ್ಮಲ್ಲಿ ಕಡಿಮೆಯೇನಿಲ್ಲ.

ಯಾವುದು ಒಟ್ಟೋದು ಅಲ್ಲ? ಮೊದಲನೆಯದು, ಓದುವ ಇರಾದೆಯೇ ಇಲ್ಲದ ಸಂಗ್ರಹ. ಮೊದಲ ಮುದ್ರಣ, ಅಪರೂಪದ ಪ್ರತಿ ಎಂದು ಬೆನ್ನುಹತ್ತುವುದು ಬಿಬ್ಲಿಯೋಮೇನಿಯಾ, ಅಂದರೆ ಪುಸ್ತಕದ ಹುಚ್ಚು. 1809ರಲ್ಲಿ ಇಂಗ್ಲೆಂಡಿನ ಥಾಮಸ್ ಡಿಬ್ಡಿನ್ ಅದೇ ಹೆಸರಿನಲ್ಲಿ ಒಂದು ಪುಸ್ತಕವನ್ನೇ ಬರೆದ. ಎರಡನೆಯದು, ಆ್ಯಂಟಿಲೈಬ್ರರಿ. ಇಟಲಿಯ ಲೇಖಕ ಉಂಬರ್ಟೊ ಇಕೋ ಅವರ 30,000 ಪುಸ್ತಕಗಳ ಸಂಗ್ರಹವನ್ನು ನೆಪವಾಗಿಟ್ಟುಕೊಂಡು ಲೇಖಕ ನಸೀಮ್ ತಾಲೆಬ್ 2007ರಲ್ಲಿ ಹಬ್ಬಿಸಿದ ಮಾತಿದು. ಓದಿದ ಪುಸ್ತಕಕ್ಕಿಂತ ಓದದ ಪುಸ್ತಕವೇ ಹೆಚ್ಚು ಬೆಲೆಯುಳ್ಳದ್ದು, ಗೊತ್ತಿಲ್ಲದ್ದು ಎಷ್ಟಿದೆ ಎಂದು ಅದು ನೆನಪಿಸುತ್ತದೆ ಎಂಬುದು ವಾದ. ಚೆಂದದ ವಾದವೇ. ಆದರೆ ಸಂಶೋಧಕನ ಕೈಗ್ರಂಥಾಲಯಕ್ಕೆ ಒಪ್ಪುವ ಅದನ್ನು ರಿಯಾಯಿತಿಯಲ್ಲಿ ತಂದ ಹನ್ನೆರಡು ಕಾದಂಬರಿಗಳಿಗೆ ಹೊದಿಸಿದರೆ ಬರೀ ಸಮಜಾಯಿಷಿ.

ಮೂರನೆಯದು ಈ ಭಾಗಕ್ಕೇ ವಿಶೇಷ. 1948ರ ಸೆಪ್ಟೆಂಬರ್ 17ರವರೆಗೆ ಕಲಬುರಗಿ, ಬೀದರ, ಯಾದಗಿರಿ ನಿಜಾಮನ ರಾಜ್ಯದಲ್ಲಿದ್ದವು, ಶಾಲೆ-ಕಚೇರಿಗಳಲ್ಲಿ ಉರ್ದು ನಡೆಯುತ್ತಿತ್ತು. ಹಳೆಯ ಮನೆಗಳ ಟ್ರಂಕಿನಲ್ಲಿ ಅಜ್ಜನ ಉರ್ದು ಪುಸ್ತಕಗಳು ಇಂದಿಗೂ ಸಿಗುತ್ತವೆ. ಮೊಮ್ಮಕ್ಕಳು ಕಲಿತದ್ದು ಕನ್ನಡ ಶಾಲೆಯಲ್ಲಿ, ಆ ಲಿಪಿ ಅವರಿಗೆ ಬಾರದು. ಅವು ಓದದ ಪುಸ್ತಕಗಳಲ್ಲ, ಓದಲಾಗದ ಪುಸ್ತಕಗಳು. ಒಟ್ಟೋದಿನ ಲೆಕ್ಕದಲ್ಲಿ ಅವನ್ನು ಸೇರಿಸಬಾರದು, ರದ್ದಿಗೂ ಹಾಕಬಾರದು. ಉರ್ದು ಬಲ್ಲವರಿಂದ ಹೆಸರು, ಇಸವಿಗಳನ್ನು ಕನ್ನಡದಲ್ಲಿ ಬರೆಸಿ ಒಂದೊಂದು ಚೀಟಿ ಇಟ್ಟರೆ ಮುಂದಿನವರಿಗೆ ದಾರಿ ಸಿಗುತ್ತದೆ.

ಬೀದರಿನಲ್ಲಿ ಬಹಮನಿ ಮಂತ್ರಿ ಮಹಮೂದ್ ಗವಾನನ ಮದರಸಾವನ್ನೂ ಇಲ್ಲಿ ನೆನೆಯುವುದುಂಟು. 1472ರಲ್ಲಿ ಕಟ್ಟಿದ ಆ ಮೂರಂತಸ್ತಿನ ವಿದ್ಯಾಲಯದ ಗ್ರಂಥಭಂಡಾರದಲ್ಲಿ 3,000 ಹಸ್ತಪ್ರತಿಗಳಿದ್ದವೆಂದು ಚರಿತ್ರೆಕಾರರು ಬರೆಯುತ್ತಾರೆ. ಒಬ್ಬ ವಿದ್ಯಾರ್ಥಿ ಅವನ್ನೆಲ್ಲ ಓದಿ ಮುಗಿಸಬೇಕೆಂದು ಯಾರೂ ಬಯಸಿರಲಿಲ್ಲ. ಗ್ರಂಥಾಲಯದಲ್ಲಿ ಓದದೆ ಉಳಿದ ಪುಸ್ತಕ ಇನ್ನೊಬ್ಬ ಓದುಗನಿಗಾಗಿ ಇರುತ್ತದೆ. ಒಟ್ಟೋದು ಮಾತ್ರ ಖಾಸಗಿ ಬಾಕಿ.

ಇನ್ನು ಕಥೆಯೊಳಗಿನ ಓದುಗರು. ಒಟ್ಟೋದುಗ ಅಲ್ಲಿ ಸಿಗುವುದು ಅಪರೂಪ. ಕಾದಂಬರಿಕಾರರಿಗೆ ಬೇಕಾದವನು ಮಿತಿಮೀರಿ ಓದಿ ಕೆಟ್ಟವನು. 1605ರ ಸ್ಪ್ಯಾನಿಷ್ ಕಾದಂಬರಿಯ ನಾಯಕ ಡಾನ್ ಕಿಹೋಟೆ ಉಳುವ ಹೊಲ ಮಾರಿ ವೀರಕಥೆಗಳನ್ನು ಕೊಳ್ಳುತ್ತಾನೆ, ಕೊಂಡದ್ದನ್ನೆಲ್ಲ ರಾತ್ರಿಯಿಡೀ ಓದಿ ಮಿದುಳು ಒಣಗಿಸಿಕೊಳ್ಳುತ್ತಾನೆ. ಒಟ್ಟುವುದು ಅವನಲ್ಲ, ಅವನ ಮನೆಯವರು. ಆರನೆಯ ಅಧ್ಯಾಯದಲ್ಲಿ ಪಾದ್ರಿಯೂ ಕ್ಷೌರಿಕನೂ ಪುಸ್ತಕಗಳನ್ನು ಒಂದೊಂದಾಗಿ ವಿಚಾರಣೆ ಮಾಡುತ್ತಾರೆ. ದೋಷಿಗಳೆಂದು ಕಂಡವನ್ನು ಮನೆಯಾಳು ಕಿಟಕಿಯಿಂದ ಅಂಗಳಕ್ಕೆ ಎಸೆಯುತ್ತಾಳೆ, ಅಲ್ಲಿ ಬಣವಿ ಎದ್ದು ಅದಕ್ಕೆ ಬೆಂಕಿ ಬೀಳುತ್ತದೆ. ಕೋಣೆಯ ಬಾಗಿಲನ್ನೂ ಗೋಡೆ ಕಟ್ಟಿ ಮುಚ್ಚುತ್ತಾರೆ. ಎರಡು ದಿನದ ಮೇಲೆ ಎದ್ದ ಅವನು ಬಾಗಿಲಿದ್ದ ಜಾಗವನ್ನು ಕೈಯಿಂದ ತಡಕುತ್ತಾನೆ.

ಫ್ರೆಂಚ್ ಲೇಖಕ ಸಾರ್ತ್ರನ 1938ರ ಕಾದಂಬರಿ ‘ನಾಸಿಯಾ’ದಲ್ಲಿ ಗ್ರಂಥಾಲಯವನ್ನು ಲೇಖಕರ ಹೆಸರಿನ ಅಕ್ಷರಾನುಕ್ರಮದಲ್ಲಿ ಓದುತ್ತ ಏಳು ವರ್ಷಕ್ಕೆ ‘ಎಲ್’ ತಲುಪಿದವನೊಬ್ಬನಿದ್ದಾನೆ. ನಮ್ಮ ‘ಸಂಸ್ಕಾರ’ದ (1965) ಪ್ರಾಣೇಶಾಚಾರ್ಯರದು ಇನ್ನೊಂದು ಪಾಡು. ಒಂದು ಹೆಣದ ಸಂಸ್ಕಾರ ಮಾಡಬಹುದೇ ಎಂಬ ಒಂದೇ ಪ್ರಶ್ನೆ ಹಿಡಿದು ರಾತ್ರಿಯೆಲ್ಲ ತಾಳೆಗರಿ ತಿರುವಿದರೂ ಉತ್ತರ ಸಿಗದು, ಕೊನೆಗೆ ಮಾರುತಿಯ ಗುಡಿಗೆ ಹೋಗಬೇಕಾಗುತ್ತದೆ. ಇದಕ್ಕಿಂತ ಶುದ್ಧ ಕುರಿತೋದು ಬೇರೆ ಬೇಕೇ?

ಒಟ್ಟೋದಿಗೆ ತೀರ ಹತ್ತಿರ ಬರುವವನು 1925ರ ಅಮೆರಿಕನ್ ಕಾದಂಬರಿಯ ಗ್ಯಾಟ್ಸ್‌ಬಿ. ಅವನ ಔತಣಕ್ಕೆ ಬಂದ, ದಪ್ಪ ಕನ್ನಡಕದ ಅತಿಥಿಯೊಬ್ಬ ಗ್ರಂಥಾಲಯ ಹೊಕ್ಕು, ಪುಸ್ತಕಗಳು ಬರೀ ರಟ್ಟಲ್ಲ, ನಿಜವಾದವೇ ಎಂದು ಬೆರಗಾಗುತ್ತಾನೆ. ಆದರೆ ಹಾಳೆ ಕತ್ತರಿಸಿಲ್ಲ ಎಂಬುದನ್ನೂ ಅವನೇ ಗುರುತಿಸುತ್ತಾನೆ. ಈಗಿನವರಿಗೆ ಈ ಸುಳಿವು ಬಿಡಿಸಿ ಹೇಳಬೇಕು. ಒಂದು ದೊಡ್ಡ ಹಾಳೆಯನ್ನು ಮೂರು ಸಲ ಮಡಿಸಿದರೆ 8 ಎಲೆ, 16 ಪುಟ. ಹಾಗೆ ಮಡಿಸಿದ ಕಂತೆಗಳನ್ನು ಹೊಲಿದು, ಅಂಚು ಕತ್ತರಿಸದೆಯೇ ಮಾರುತ್ತಿದ್ದರು. ಓದುವವನು ಕಾಗದ ಕತ್ತರಿಸುವ ಚೂರಿಯಿಂದ ಮಡಿಕೆಗಳನ್ನು ಸೀಳುತ್ತ ಮುಂದೆ ಹೋಗಬೇಕಿತ್ತು. ಮಡಿಕೆ ಹಾಗೇ ಇದ್ದರೆ ಪುಸ್ತಕವೇ ಸಾಕ್ಷಿ ನುಡಿದಂತೆ. ಗ್ಯಾಟ್ಸ್‌ಬಿ ಕೊಂಡದ್ದು ಓದಲೆಂದಲ್ಲ, ಕಾಣಲೆಂದು. ಹಾಗಾಗಿ ಅವನೂ ಒಟ್ಟೋದುಗನಲ್ಲ. ಇಂದಿನ ಪುಸ್ತಕಗಳು ಅಂಚು ಕತ್ತರಿಸಿಯೇ ಬರುತ್ತವೆ. ಬೆನ್ನಿನ ಮೇಲೆ ಒಂದೂ ಗೆರೆ ಬೀಳದಿರುವುದು, ಅಂಗಡಿಯ ಬಿಲ್ಲು ಒಳಗೇ ಉಳಿದಿರುವುದು ಮಾತ್ರ ಈಗಿನ ಸುಳಿವು.

ರಾಶಿ ಬೆಳೆಯುವುದು ಸರಳ ಗಣಿತ. ದಿನಕ್ಕೆ 20 ಪುಟ ಓದುವವರು 200 ಪುಟದ ಪುಸ್ತಕವನ್ನು ಹತ್ತು ದಿನದಲ್ಲಿ ಮುಗಿಸುತ್ತಾರೆ, ವರ್ಷಕ್ಕೆ 36. ಕೊಳ್ಳುವುದು ಮಾತ್ರ ಹೀಗೆ ಹದವಾಗಿ ನಡೆಯುವುದಿಲ್ಲ, ಮಳೆಯಂತೆ ಒಮ್ಮೆಲೇ ಬೀಳುತ್ತದೆ. ನವೆಂಬರಿನ ರಾಜ್ಯೋತ್ಸವದ ರಿಯಾಯಿತಿಯಲ್ಲಿ ಒಂದು ಚೀಲ. ಸಾಹಿತ್ಯ ಸಮ್ಮೇಳನ ಊರಿಗೇ ಬಂದರೆ, 2006ರಲ್ಲಿ ಬೀದರಿಗೂ 2020ರ ಫೆಬ್ರವರಿಯಲ್ಲಿ ಕಲಬುರಗಿಗೂ ಬಂದ ಹಾಗೆ, ಮೂರು ದಿನದ ಮಳಿಗೆಗಳಲ್ಲಿ ಇನ್ನೆರಡು ಚೀಲ. ಹಾರ-ತುರಾಯಿಯ ಬದಲು ಪುಸ್ತಕ ಕೊಡುವ ರೂಢಿಯಿಂದ ಕೇಳದೆ ಬಂದವು ಬೇರೆ. ವರ್ಷಕ್ಕೆ 50 ಬಂದು 36 ಮುಗಿದರೆ 14 ಉಳಿಯುತ್ತವೆ, ಹತ್ತು ವರ್ಷಕ್ಕೆ 140. ಡೆಮಿ ಅಷ್ಟದಳ (ಸಾಮಾನ್ಯ ಕಾದಂಬರಿಯ) ಆಕಾರದ, 70 ಜಿಎಸ್‌ಎಂ (ಚದರ ಮೀಟರಿಗೆ 70 ಗ್ರಾಂ) ಕಾಗದದ 200 ಪುಟದ ಪುಸ್ತಕ ಸುಮಾರು ಒಂದು ಸೆಂಟಿಮೀಟರ್ ದಪ್ಪ, 230 ಗ್ರಾಂ ತೂಕ. 140 ಪುಸ್ತಕ ಎಂದರೆ 32 ಕಿಲೋ, ಒಂದೇ ಸಾಲಾಗಿ ಒಟ್ಟಿದರೆ ಹೆಗಲಮಟ್ಟ. ಹೊರಹೋಗುವ ದಾರಿಯೂ ಕಿರಿದು. ಕಾಲು ತಗುಲಿದರೆ ಕಣ್ಣಿಗೊತ್ತಿಕೊಳ್ಳುವ ವಸ್ತುವನ್ನು ರದ್ದಿ ಅಂಗಡಿಯ ತಕ್ಕಡಿಗೆ ಹಾಕಲು ಕೈ ಬರುವುದಿಲ್ಲ.

ಒಟ್ಟುವುದಕ್ಕೂ ಕಸುಬು ಬೇಕು, ಅದನ್ನು ಬಣವಿಯಿಂದಲೇ ಕಲಿಯಬಹುದು. ತೇವಕ್ಕೂ ಒರಲಿಗೂ (ಗೆದ್ದಲಿಗೂ) ಅಂಜಿ ಬಣವಿಯ ಬುಡಕ್ಕೆ ಕಲ್ಲು-ಕಟ್ಟಿಗೆ ಹಾಸುತ್ತಾರೆ. ಮನೆಯೊಳಗೆ ಶಹಾಬಾದ್ ಫರಸಿಯ (ಕಲ್ಲುಹಾಸಿನ) ಮೇಲೆ ನೇರವಾಗಿ ಒಟ್ಟಿದ ಪುಸ್ತಕಗಳಿಗೆ ಆ ಹಾಸು ಇರುವುದಿಲ್ಲ. ದಿನಾ ನೆಲ ಒರೆಸುವ ನೀರು ಕೆಳಗಿನ ಪುಸ್ತಕದ ಅಂಚಿನಿಂದ ಮೇಲೇರಿ ಹಾಳೆ ಅಲೆಯಾಗುತ್ತದೆ, ಮಳೆಗಾಲದಲ್ಲಿ ಬೂಸ್ಟು ಹಿಡಿಯುತ್ತದೆ. ಕೆಳಗೆ ಹಲಗೆ ಹಾಕಿ ಎರಡಿಂಚು ಎತ್ತರಿಸಬೇಕು. ಗೋಡೆಯಿಂದ ನಾಲ್ಕು ಬೆರಳು ದೂರ ಇರಲಿ, ಒರಲಿ ಮಣ್ಣಿನ ನಾಳ ಕಟ್ಟಿಕೊಂಡು ಹತ್ತುವುದು ಗೋಡೆಯ ಮೇಲೆಯೇ. ಒಂದಡಿಗಿಂತ ಎತ್ತರ ಒಟ್ಟಬೇಡಿ, ದೊಡ್ಡವು ಕೆಳಗೆ, ಚಿಕ್ಕವು ಮೇಲೆ. ಬೆನ್ನಿನ ಕಡೆ ದಪ್ಪ ಹೆಚ್ಚಾದ್ದರಿಂದ ಎಲ್ಲವನ್ನೂ ಒಂದೇ ದಿಕ್ಕಿಗೆ ಇಟ್ಟರೆ ರಾಶಿ ವಾಲುತ್ತದೆ. ಒಂದರ ಬೆನ್ನು ಈಚೆ, ಇನ್ನೊಂದರದು ಆಚೆ ಬರಲಿ. ಹದಿನೈದು ದಿನಕ್ಕೊಮ್ಮೆ ಬುಡದ ಪುಸ್ತಕವನ್ನು ಎತ್ತಿ ನೋಡುವುದು ಡಾಂಬರ ಗುಳಿಗೆಗಿಂತ ಹೆಚ್ಚು ಕೆಲಸ ಮಾಡುತ್ತದೆ.

ಬೇಸಿಗೆಯದು ಬೇರೆಯೇ ಕಾಟ. ನಲವತ್ತು ಡಿಗ್ರಿ ದಾಟುವ ಒಣಬಿಸಿಯಲ್ಲಿ, ಅದರಲ್ಲೂ ತಗಡಿನ ಕೆಳಗೆ, ವರ್ಷಗಟ್ಟಲೆ ಬಿದ್ದಿದ್ದ ಪುಸ್ತಕದ ಬೆನ್ನಿನ ಅಂಟು ಪೆಡಸಾಗುತ್ತದೆ. ಹೊಲಿಗೆಯಿಲ್ಲದ, ಅಂಟಿನಿಂದಲೇ ಕಟ್ಟಿದ ಪುಸ್ತಕವಾದರೆ ಐದು ವರ್ಷ ಕಾದು ಕೊನೆಗೆ ಕೈಗೆತ್ತಿಕೊಂಡ ದಿನವೇ ನಡುವೆ ಸೀಳಿ ಹಾಳೆ ಉದುರುತ್ತದೆ. ಓದುವುದು ಎಂದಾದರೂ ಆಗಲಿ, ಬಿಚ್ಚುವುದನ್ನು ಕೊಂಡ ವಾರದಲ್ಲೇ ಮಾಡಬೇಕು. ಬೆನ್ನನ್ನು ಮೇಜಿಗೆ ಊರಿ ನಿಲ್ಲಿಸಿ, ಎರಡೂ ರಟ್ಟುಗಳನ್ನು ಇಳಿಬಿಟ್ಟು, ಮುಂದಿನಿಂದ ಹತ್ತೆಲೆ, ಹಿಂದಿನಿಂದ ಹತ್ತೆಲೆ ಎಂದು ನಡುವಿನವರೆಗೆ ಬಿಡಿಸುತ್ತ, ಒಳಮಡಿಕೆಯನ್ನು ಬೆರಳಿನಿಂದ ಮೆಲ್ಲಗೆ ಸವರಿ. ಅಂಟು ಎಲ್ಲ ಕಡೆಯೂ ಸಮನಾಗಿ ಬಾಗುತ್ತದೆ. ತೇವ ತಗುಲಿದ್ದರೆ ನೆರಳಲ್ಲೇ ಆರಿಸಿ, ಬಿಸಿಲಿಗಿಟ್ಟರೆ ಅಗ್ಗದ ಕಾಗದ ಹಳದಿಯಾಗುತ್ತದೆ.

ಓದದ ರಾಶಿಗೆ ಪೂರ್ತಿ ಮರ್ಯಾದೆ ಸಿಗುವ ದಿನ ವರ್ಷಕ್ಕೊಂದು: ಖಂಡೇನವಮಿ. ಅಂದು ಪುಸ್ತಕಗಳನ್ನು ಒಟ್ಟಿ ಹೂವೇರಿಸುತ್ತಾರೆ, ಮುಟ್ಟಿ ಓದುವಂತಿಲ್ಲ.

ಬಳಕೆಯ ಬಗ್ಗೆ ಒಂದೆರಡು ಮಾತು. ಒಟ್ಟೋದು ಎಂಬುದು ರಾಶಿಗೂ ಹೆಸರು, ಅಭ್ಯಾಸಕ್ಕೂ ಹೆಸರು: ‘ಮಂಚದ ಪಕ್ಕದ ಒಟ್ಟೋದು ಕುಸಿಯಿತು’, ‘ಅವರಿಗೆ ಒಟ್ಟೋದು ಹೆಚ್ಚು’. ಮಾಡುವವರು ಒಟ್ಟೋದುಗರು. ಬಣವಿಯಿಂದ ಕಣಿಕಿ ಎಳೆದು ತೆಗೆಯುವುದಕ್ಕೆ ಹಿರಿ ಎನ್ನುತ್ತಾರೆ. ಹಾಗಾಗಿ ರಾಶಿಯಿಂದ ಒಂದು ಪುಸ್ತಕ ಓದಲು ಎತ್ತಿಕೊಂಡರೆ ‘ಒಟ್ಟೋದಿನಿಂದ ಒಂದು ಹಿರಿದೆ’ ಎನ್ನಬಹುದು. ಬುಡದ್ದನ್ನು ಹಿರಿಯುವ ಮುನ್ನ ಮೇಲಿನವನ್ನು ಇಳಿಸಿಕೊಳ್ಳಿ.